ಕನ್ಯಾಹರಣದ ಚಿತ್ರಣ: ಅಂಬೆಯ ಪ್ರಶ್ನೆ

ಕನ್ಯಾಹರಣವನ್ನು ಚಿತ್ರಿಸುವ ಕೃತಿಗಳಲ್ಲಿ ಹೆಣ್ಣಿನ ಒಪ್ಪಿಗೆಗೆ ಯಾವ ಸ್ಥಾನವಿದೆಯೆಂಬುದು ಇಲ್ಲಿ ನಮ್ಮ ವಿಚಾರ. ಭಾಗವತದ ರುಕ್ಮಿಣಿ ತಾನೇ ಬ್ರಾಹ್ಮಣನೊಬ್ಬನ ಮೂಲಕ ಕೃಷ್ಣನಿಗೆ ಸಂದೇಶ ಕಳುಹಿಸಿದವಳು. ಆಕೆಯ ಹರಣವನ್ನು ಬಲಾತ್ಕಾರವೆನ್ನಲಾಗದು. ಮಧ್ಯ ಏಷ್ಯದಲ್ಲಿ ಈ ರೂಢಿ ಇಂದಿಗೂ ಅಳಿದಿಲ್ಲ. ಅಲ್ಲಿಯ 'ಬೋಜ್ ಸಾಲ್ಕಿನ್' (2007) ಎಂಬ ಕಿರ್ಗಿಜ್ ಚಲನಚಿತ್ರದಲ್ಲಿ, ಬೇರೊಬ್ಬಳೆಂದು ತಿಳಿದು ಹೊತ್ತೊಯ್ದ ನಗರದ ಯುವತಿ ಕಡೆಗೆ ಆ ಮನೆಯಲ್ಲಿಯೇ ನಿಲ್ಲುತ್ತಾಳೆ. ಅನಂತರದ ಒಲವಿನಿಂದ ಮೊದಲಿನ ಬಲಾತ್ಕಾರವನ್ನು ಮರೆಸುವ ಈ ಜಾಣ್ಮೆಯನ್ನು ನಾವು ಒಪ್ಪಲಾರೆವು.

ನಮ್ಮ ಯಕ್ಷಗಾನದ 'ಭೀಷ್ಮವಿಜಯ' ಪ್ರಸಂಗವು ಈ ದೃಷ್ಟಿಯಿಂದ ಹೆಚ್ಚು ನಿಷ್ಠುರವಾದುದು. ಹೆಸರೇನೋ ಹರಣಮಾಡಿದವನದೇ! ಆದರೆ ತಾನು ಒಲಿದಿದ್ದ ಸಾಲ್ವನೇ ಪರರು ಗೆದ್ದವಳೆಂದು ತಿರಸ್ಕರಿಸಿದ ಮೇಲೆ ಅಂಬೆ ಭೀಷ್ಮನೆದುರು ನಿಂತು ವಾದಿಸುತ್ತಾಳೆ. ತಾಳಮದ್ದಳೆಯಲ್ಲಿ ಈ ವಾದವು ಅರ್ಥಧಾರಿಯ ಆಶುಸೃಷ್ಟಿ. ಭೀಷ್ಮನ ಅರ್ಥಧಾರಿ ಪ್ರತಿಜ್ಞೆಯನ್ನು ಮುಂದೊಡ್ಡಬಹುದು, ಕ್ಷಾತ್ರಧರ್ಮವನ್ನು ಹೇಳಬಹುದು. ಕಾಶಿಯಲ್ಲಿ ರಥವೇರಿಸುವ ಮುನ್ನ ಆಕೆಯನ್ನೇಕೆ ಕೇಳಲಿಲ್ಲವೆಂಬುದಕ್ಕೆ ಆ ಎರಡರಲ್ಲಿಯೂ ಉತ್ತರ ದೊರೆಯದು.