ಕೊಪ್ಪಿನಿಯ ಕುದುರೆಗಳು

ಸೀಡರ್ ಪಾರ್ಕಿನ ನಮ್ಮ ಮನೆಗೆ ಊರಿಂದ ಯಾರೇ ಬಂದರೂ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಲಿಟಲ್‌ಫೀಲ್ಡ್ ಕಾರಂಜಿಯ ಮುಂದೆ ಅವರ ಫೋಟೋ ತೆಗೆಯುವುದು ನನ್ನ ಪಾಲಿಗೆ ಬಂದ ಕೆಲಸ. 2018ರಲ್ಲಿ ಅಪ್ಪ ಬಂದಿದ್ದಾಗ, ಕಾರಂಜಿಯ ಹಿಂದಿನ ಸಾಲುಮರಗಳ ನಡುವೆ ಬರಿದಾಗಿದ್ದ ಪೀಠಗಳನ್ನು ನೋಡಿ, "ಇನ್ನೂ ಮೂರ್ತಿ ನಿಲ್ಲಿಸಿಲ್ವೇನೋ?" ಎಂದರು.

"ನಿಲ್ಲಿಸಿ, ಇಳಿಸಿದ್ದಾರೆ ಅಪ್ಪ."

ನಿಲ್ಲಿಸಿದ್ದ ಶಿಲ್ಪಿ ಪೊಂಪೆಯೊ ಕೊಪ್ಪಿನಿ. 1870ರಲ್ಲಿ ಇಟಲಿಯಲ್ಲಿ ಹುಟ್ಟಿ, ಫ್ಲಾರೆನ್ಸ್‌ನಲ್ಲಿ ಕಲಿತು, 1896ರಲ್ಲಿ ಅಮೆರಿಕಕ್ಕೆ ಬಂದವನು. 1901ರಲ್ಲಿ ಟೆಕ್ಸಾಸ್, ಮರುವರ್ಷ ಪೌರತ್ವ. ನಮ್ಮಂಥ ವೀಸಾದವರಿಗೆ ಈ ವೇಗ ಹೊಟ್ಟೆ ಉರಿಸುತ್ತದೆ. ಆಮೇಲೆ ಅರ್ಧ ಶತಮಾನ ಅವನು ಟೆಕ್ಸಾಸ್‌ಗೆ ಅದರ ವೀರರನ್ನು ಮಾಡಿಕೊಟ್ಟ. ಹಂಟ್ಸ್‌ವಿಲ್‌ನಲ್ಲಿರುವ ಸ್ಯಾಮ್ ಹ್ಯೂಸ್ಟನ್ ಸಮಾಧಿಯ ಸ್ಮಾರಕ ಅವನದು, ಸ್ಯಾನ್ ಆಂಟೋನಿಯೊದ ಅಲಾಮೊ ಸ್ಮಾರಕದ ಶಿಲ್ಪಗಳೂ ಅವನವೇ.

ನನ್ನ ತಕರಾರು ಈ ಕಾರಂಜಿಯ ಬಗ್ಗೆ. ಹಣ ಕೊಟ್ಟವನು ಜಾರ್ಜ್ ಲಿಟಲ್‌ಫೀಲ್ಡ್: ಬ್ಯಾಂಕರ್, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯವನು, ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳ ಪರ ಅಂತರ್ಯುದ್ಧದಲ್ಲಿ ಕಾದಾಡಿದವನು. ತನ್ನ ಪಕ್ಷದ ನಾಯಕರ ಪ್ರತಿಮೆಗಳಿರುವ ಕಮಾನು ಬೇಕೆಂದ. ಮುಂದೊಂದು ದಿನ ಈ ಯುದ್ಧವನ್ನು ಜನ ಕಳಂಕವೆಂದು ಕಾಣುತ್ತಾರೆ, ಸ್ಮಾರಕ ದ್ವೇಷ ಬೆಳೆಸುತ್ತದೆಂದು ಸಿಟ್ಟಾಗುತ್ತಾರೆ ಎಂದು ಕೊಪ್ಪಿನಿಯೇ ಎಚ್ಚರಿಸಿದ. ಬದಲಿಗೆ ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಕಾರಂಜಿ ಮಾಡೋಣ, ಉತ್ತರ ದಕ್ಷಿಣ ಒಂದಾದದ್ದನ್ನು ತೋರಿಸೋಣ ಎಂದ. ಲಿಟಲ್‌ಫೀಲ್ಡ್ ಒಪ್ಪಿದ, ನಾಯಕರನ್ನು ಮಾತ್ರ ಬಿಡಲಿಲ್ಲ. ಕೊಪ್ಪಿನಿ ಅವರನ್ನೂ ಎರಕ ಹೊಯ್ದ.

ಆಡಿಟ್ ಮಾಡುವವನಾಗಿ ಈ ಕೈಬರಹ ನನಗೆ ಚೆನ್ನಾಗಿ ಗೊತ್ತು. ಆಕ್ಷೇಪವನ್ನು ಟಿಪ್ಪಣಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಬಿಲ್ ಕಳಿಸುವುದು. ನಾನೂ ಮಾಡಿದ್ದೇನೆ. ಅದಕ್ಕೇ ಅವನನ್ನು ಸುಲಭವಾಗಿ ಬೈಯಲಾರೆ, ಸುಲಭವಾಗಿ ಬಿಡಲೂ ಆರೆ.

ಆದರೆ ಕಂಚು ಸಹಿಯಷ್ಟು ಗುಟ್ಟು ಕಾಯುವುದಿಲ್ಲ. 1933ರಲ್ಲಿ ಅನಾವರಣಗೊಂಡ ಕಾರಂಜಿಯಲ್ಲಿ ನೀರಿನಿಂದ ಎದ್ದು ಬರುವ ಮೂರು ಕುದುರೆಗಳನ್ನು ನೋಡಿ: ಕತ್ತು ತಿರುಚಿವೆ, ಅವುಗಳ ಮೇಲೆ ಬೆತ್ತಲೆ ಜಲಪುರುಷರು, ಹಿಂದೆ ಹಡಗಿನ ಮೂತಿಯ ಮೇಲೆ ರೆಕ್ಕೆ ಬಿಚ್ಚಿದ ಕೊಲಂಬಿಯಾ. ಇಲ್ಲಿ ಕೈ ಬಿಟ್ಟು ಕೆಲಸ ಮಾಡಿದ್ದಾನೆ. ಹೆಸರಿದ್ದ ಮಹನೀಯರು ಮಾತ್ರ ಸೆಟೆದು ನಿಂತ ಉಡುಪುಗಳು. ರಾಜ್ಯ ಶಾಸನಸಭೆಯ ಆವರಣದಲ್ಲಿ 1907ರ ಟೆರ್ರಿ ರೇಂಜರ್ಸ್ ಸ್ಮಾರಕವಿದೆ. ಅಲ್ಲೂ ಜೀವ ಬಂದಿರುವುದು ಹೆಸರಿಲ್ಲದ ಸವಾರನಿಗೆ, ಅವನ ಕುದುರೆಗೆ. ನನ್ನ ವಾದಕ್ಕೆ ಮುಜುಗರ ತರುವ ಸಂಗತಿಯೆಂದರೆ ಆ ಸವಾರನೂ ದಕ್ಷಿಣದ ಸೈನ್ಯದವನೇ. ಚೆನ್ನಾಗಿ ಮಾಡಿದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ.

ಇನ್ನೊಂದು ಏಟು ವಾಸ್ತುಶಿಲ್ಪಿ ಪಾಲ್ ಕ್ರೆಯಿಂದ ಬಿತ್ತು. ಕಾರಂಜಿಯ ಸುತ್ತ ಗುಂಪಾಗಿರಬೇಕಿದ್ದ ಆರು ಪ್ರತಿಮೆಗಳನ್ನು ಅವನು ಹಿಂದಿನ ಹಾದಿಯುದ್ದಕ್ಕೂ ಚದುರಿಸಿದ. ರಾಜಿಯ ಕಥೆ ಅಲ್ಲಿಗೆ ಮುಗಿಯಿತು. ಉಳಿದದ್ದು ಒಬ್ಬೊಬ್ಬರಿಗೂ ಬಿಡಿಬಿಡಿ ಗೌರವ. 2015ರಲ್ಲಿ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನು ಇಳಿಸಿದಾಗ, ಆ ಪಕ್ಷಕ್ಕೆ ಸೇರದ ವುಡ್ರೋ ವಿಲ್ಸನ್‌ನನ್ನೂ ಇಳಿಸಿದರು. ಕಾರಣ, ಎರಡೂ ಬದಿ ಸಮವಾಗಿರಬೇಕಂತೆ. ಡಬಲ್ ಎಂಟ್ರಿ! ಉಳಿದ ನಾಲ್ಕನ್ನು 2017ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ತೆಗೆದರು. ಬೆಂಗಳೂರಿನಲ್ಲೂ 2020ರಲ್ಲಿ ಹೈಕೋರ್ಟ್ ಆವರಣದ ಮಾರ್ಕ್ ಕಬ್ಬನ್ ಕುದುರೆ ಸಮೇತ ಕಬ್ಬನ್ ಪಾರ್ಕಿನೊಳಕ್ಕೆ ಹೋದ. ಅಲ್ಲಿ ತಕರಾರು ಜಾಗದ್ದು, ಇಲ್ಲಿ ಮನುಷ್ಯರದ್ದು.

ಡೇವಿಸ್ ಈಗ ವಿಶ್ವವಿದ್ಯಾಲಯದ್ದೇ ಬ್ರಿಸ್ಕೋ ಸಂಗ್ರಹಾಲಯದಲ್ಲಿದ್ದಾನೆ. ಅಪ್ಪನನ್ನು ಅಲ್ಲಿಗೂ ಕರೆದೊಯ್ದೆ. ಹೊರಗೆ ಅರ್ಧ ಕೆಲಸ ಮಾಡುತ್ತಿದ್ದದ್ದು ಪೀಠವೇ ಎಂದು ಅಲ್ಲಿ ಹೊಳೆಯಿತು. ಅಪ್ಪ ಒಂದು ಸುತ್ತು ಹಾಕಿ, "ಆ ಕುದುರೆ ಮಾಡಿದವನೇ ಇದನ್ನೂ ಮಾಡಿದ್ದಾ?" ಎಂದು ಕೇಳಿದರು. ಹೌದೆಂದೆ. ನಂಬಿದಂತೆ ಕಾಣಲಿಲ್ಲ.