ತಿರುಗಿಸಿದರೂ ಅದೇ ಹೂವು

ಒಟ್ಟೊಮನ್ ಕಾಲದ ಮನೆಗಳ ಕೈವಸ್ತ್ರದ ಅಂಚಿಗೆ ರೇಷ್ಮೆ, ಜರಿ ಎಳೆಗಳ ಹೂವುಗಳಿರುತ್ತಿದ್ದವು. ತಿರುಗಿಸಿದರೂ ಅದೇ ಹೂವು. ಅವನ್ನು ಹೊಲಿದ ಹೆಂಗಸರ ಆ ಹಟ ನಮ್ಮ ಧಾರವಾಡದ ಕಸೂತಿಯಲ್ಲೂ ಇದೆ. ಗವಂತಿ ಹೊಲಿಗೆ ಒಂದು ಬಿಟ್ಟು ಒಂದರಂತೆ ಸಾಗಿ, ಮರಳುವಾಗ ಖಾಲಿ ಜಾಗ ತುಂಬುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಗಂಟು ಹಾಕುವಂತಿಲ್ಲ, ನಕ್ಷೆ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಮೂಡಬೇಕು. ಒಂದೆಳೆ ತಪ್ಪಿದರೆ ಗೋಪುರ ವಾಲುತ್ತದೆ! ನೇಯ್ಗೆ, ಮೆಂತೆ ಹೊಲಿಗೆಗಳ ಹಿಂಬದಿ ಬೇರೆಯಾಗಿ ಕಾಣುತ್ತದೆ, ನಿಜ. ತೇರಿನ ಮೈ ತುಂಬಲು ಅವೂ ಬೇಕು. ಆದರೂ ನನ್ನ ಮನಸ್ಸು ಗವಂತಿಯ ಕಡೆಗೇ. ಇಳಕಲ್ ಸೀರೆಯ ಸೆರಗಿಗಿಂತ ಕೂಸಿನ ಕುಂಚಿಗೆಯ ಮೇಲೆ ಅದನ್ನು ನೋಡುವುದು ನನಗಿಷ್ಟ. ಅಲ್ಲಿ ಗಿಳಿ, ನವಿಲುಗಳು ಇನ್ನಷ್ಟು ಪುಟ್ಟದಾಗಿ, ಇನ್ನಷ್ಟು ಒತ್ತಾಗಿ ಕೂರುತ್ತವೆ.