ಬೆಳಗದ ಅಂಕಿಯೇ ಮೊದಲು ಕೆಡುತ್ತದೆ

ನಿಕ್ಸಿ ಟ್ಯೂಬ್ ಎಂಬುದು ನಿಯಾನ್ ಅನಿಲ ತುಂಬಿದ ಗಾಜಿನ ಬುರುಡೆ. ಅದರೊಳಗೆ ಸೊನ್ನೆಯಿಂದ ಒಂಬತ್ತರವರೆಗಿನ ಲೋಹದ ಅಂಕಿಗಳು ಒಂದರ ಹಿಂದೊಂದು ನಿಂತಿದ್ದು, ಸುಮಾರು 170 ವೋಲ್ಟ್ ಒತ್ತಡದಲ್ಲಿ ವಿದ್ಯುತ್ತು ಯಾವ ಅಂಕಿಗೆ ಹರಿಯುತ್ತದೆಯೋ ಅದರ ಸುತ್ತ ಕೆಂಡದ ಬಣ್ಣದ ಹೊಳಪು ಮೂಡುತ್ತದೆ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದ ಈ ಟ್ಯೂಬು 1970ರ ದಶಕದಲ್ಲಿ ಎಲ್‌ಇಡಿಗೆ ಜಾಗ ಬಿಟ್ಟುಕೊಟ್ಟಿತಾದರೂ, ಮನೆಯಲ್ಲೇ ಗಡಿಯಾರ ಕಟ್ಟುವ ಹವ್ಯಾಸಿಗಳು ಸೋವಿಯತ್ ಕಾಲದ ಐಎನ್-12, ಐಎನ್-14 ಮಾದರಿಗಳನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ಆರಂಭದ ಟ್ಯೂಬುಗಳ ಆಯುಷ್ಯ ಸುಮಾರು 5,000 ಗಂಟೆ, ಅಂದರೆ ಹಗಲಿರುಳು ಉರಿದರೆ ಏಳು ತಿಂಗಳು. ಕೊನೆಯ ತಲೆಮಾರಿನ ಕೆಲವು ಮಾದರಿಗಳದು 2,00,000 ಗಂಟೆ, ಅಂದರೆ 22 ವರ್ಷಕ್ಕೂ ಹೆಚ್ಚು. ಉರಿಯುವ ಅಂಕಿಗೆ ನಿಯಾನ್ ಅಯಾನುಗಳು ಬಡಿದಾಗ ಲೋಹದ ಕಣಗಳು ಸಿಡಿದು ಗಾಜನ್ನು ಕಪ್ಪಾಗಿಸುತ್ತವೆ. ಅನಿಲಕ್ಕೆ ಬೆರೆಸಿದ ತುಸು ಪಾದರಸದ ಆವಿ ಈ ಸವೆತವನ್ನು ತಗ್ಗಿಸುವುದರಿಂದಲೇ ಆಯುಷ್ಯ ಇಷ್ಟು ಬೆಳೆಯಿತು.

ಸಿಡಿದ ಕಣಗಳು ಬೆಳಗದೆ ನಿಂತ ಅಂಕಿಗಳ ಮೇಲೂ ಕೂರುತ್ತವೆ. ಇದಕ್ಕೆ ಕ್ಯಾಥೋಡ್ ಪಾಯ್ಸನಿಂಗ್ ಎಂದು ಹೆಸರು. 24 ಗಂಟೆಯ ಗಡಿಯಾರದಲ್ಲಿ ಗಂಟೆಯ ಹತ್ತರ ಸ್ಥಾನದ ಟ್ಯೂಬು ದಿನಕ್ಕೆ ಸೊನ್ನೆಯನ್ನು ಹತ್ತು ಗಂಟೆ, ಒಂದನ್ನು ಹತ್ತು ಗಂಟೆ, ಎರಡನ್ನು ನಾಲ್ಕು ಗಂಟೆ ತೋರಿಸುತ್ತದೆ, ಮೂರರಿಂದ ಒಂಬತ್ತರವರೆಗಿನವು ಎಂದೂ ಬೆಳಗುವುದಿಲ್ಲ. ವರ್ಷಗಳ ನಂತರ ಅದೇ ಟ್ಯೂಬನ್ನು ನಿಮಿಷದ ಬಿಡಿ ಸ್ಥಾನಕ್ಕೆ ಬದಲಿಸಿದರೆ, ಎಂಟರ ಒಂದು ಸುತ್ತು ಹೊಳೆದು ಇನ್ನೊಂದು ಸುತ್ತು ಕತ್ತಲಾಗಿಯೇ ಉಳಿಯಬಹುದು. ಆದ್ದರಿಂದ ಪ್ರತಿ ರಾತ್ರಿ ಕೆಲವು ನಿಮಿಷ ಹತ್ತೂ ಅಂಕಿಗಳನ್ನು ಸರದಿಯಂತೆ ಬೆಳಗಿಸುವ ವ್ಯವಸ್ಥೆ ಗಡಿಯಾರದಲ್ಲಿ ಇರಲೇಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಾಗಲಿ, ಬೀದರ್ ದಾರಿಯ ಕಮಲಾಪುರದಲ್ಲಾಗಲಿ ಬಿಸಿಲು ಟ್ಯೂಬಿನ ಶತ್ರುವಲ್ಲ. ಚಳಿಯಲ್ಲಿ ಪಾದರಸದ ಆವಿ ಕುಗ್ಗಿ ಸವೆತ ಹೆಚ್ಚುವುದರಿಂದ ಶೀತಪ್ರದೇಶಕ್ಕಿಂತ ಇಲ್ಲಿನ ಹವೆ ಅದಕ್ಕೆ ಹಿತ. ಬಿಸಿಲಿಗೆ ಸೋಲುವುದು ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತವಿಲ್ಲದೆ ಬಿಡುವ, ಒಳಗೆ ದ್ರವವಿರುವ ಪುಟ್ಟ ಡಬ್ಬಿ. ತಾಪ 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಈ ಭಾಗದ ಹವ್ಯಾಸಿಗಳು 85 ಡಿಗ್ರಿಯದನ್ನು ಬಿಟ್ಟು 105 ಡಿಗ್ರಿ ತಾಳುವ ಕೆಪಾಸಿಟರನ್ನೇ ಆರಿಸಿ, ಪೆಟ್ಟಿಗೆಗೆ ಗಾಳಿಯ ಕಿಂಡಿ ಬಿಡುವುದು ಲೇಸು.

ಐಎನ್-14ಕ್ಕೆ ಹೇಳಿರುವ 2.5 ಮಿಲಿಆಂಪಿಯರ್ ವಿದ್ಯುತ್ತನ್ನು ಹೊಳಪಿನ ಆಸೆಗೆ ಮೀರಿಸದೆ, ಮನೆಮಂದಿ ಮಲಗಿದಾಗ ಗಡಿಯಾರವನ್ನು ಆರಿಸಿ, ಎಲ್ಲ ಅಂಕಿಗಳಿಗೂ ಬೆಳಗುವ ಸರದಿ ಕೊಟ್ಟವರ ಟ್ಯೂಬು ದೀರ್ಘಕಾಲ ಬಾಳುತ್ತದೆ.